ಕಬ್ಬಿನೊಳಗೇ ಇದ್ದ ಗೊಬ್ಬರ

ಗಾಳಿಯಲ್ಲಿ ನೂರಕ್ಕೆ 78 ಪಾಲು ಇರುವ ಅನಿಲಕ್ಕೆ ಫ್ರೆಂಚ್ ರಸಾಯನಶಾಸ್ತ್ರಜ್ಞರು 1787ರಲ್ಲಿ ‘ಅಜೋಟ್’ ಎಂದು ಹೆಸರಿಟ್ಟರು. ಗ್ರೀಕ್ ಮೂಲದ ಈ ಪದಕ್ಕೆ ‘ಜೀವವಿಲ್ಲದ್ದು’ ಎಂದರ್ಥ. ಕನ್ನಡ ಅದನ್ನೇ ‘ಸಾರಜನಕ’ ಎಂದಿತು. ರೈತನಿಗೆ ನಮ್ಮ ಹೆಸರೇ ಸರಿ. ಸಾರಜನಕ ಸಾಲದಿದ್ದರೆ ಕಬ್ಬಿನ ಗರಿ ಹಳದಿಯಾಗುತ್ತದೆ, ಬೆಳವಣಿಗೆ ಕುಂಠಿತವಾಗುತ್ತದೆ. ಆದರೆ ಗಾಳಿಯಲ್ಲಿರುವುದನ್ನು ಗಿಡ ನೇರವಾಗಿ ಉಣ್ಣಲಾರದು. ಅದಕ್ಕೇ ಯೂರಿಯಾ.

ಬ್ರೆಜಿಲ್‌ನಲ್ಲಿ ಒಂದು ಲೆಕ್ಕ ಕೂಡಿಬರುತ್ತಿರಲಿಲ್ಲ. ಅಲ್ಲಿನ ಕೆಲವು ಹೊಲಗಳಲ್ಲಿ ಕಟಾವಾದ ಕಬ್ಬು ಹೊತ್ತೊಯ್ಯುತ್ತಿದ್ದ ಸಾರಜನಕ, ರೈತರು ಹಾಕುತ್ತಿದ್ದ ಗೊಬ್ಬರಕ್ಕಿಂತ ಹೆಚ್ಚಿತ್ತು. ದಶಕಗಳು ಕಳೆದರೂ ಇಳುವರಿ ಕುಸಿಯಲಿಲ್ಲ. ಉಳಿದದ್ದು ಎಲ್ಲಿಂದ ಬರುತ್ತಿತ್ತು?

ಇದರ ಬೆನ್ನು ಹತ್ತಿದವರು ಯೊಹಾನಾ ಡೊಬರೈನರ್. 1924ರಲ್ಲಿ ಚೆಕೊಸ್ಲೊವಾಕಿಯಾದಲ್ಲಿ ಹುಟ್ಟಿದ ಅವರು ಎರಡನೇ ಮಹಾಯುದ್ಧದ ನಂತರ ನೆಲೆ ಕಳೆದುಕೊಂಡು, ಜರ್ಮನಿಯಲ್ಲಿ ಕೃಷಿ ಓದಿ, ಬ್ರೆಜಿಲ್ ಸೇರಿದರು. ರಿಯೊ ಡಿ ಜನೈರೊ ಬಳಿಯ ಸಂಶೋಧನಾ ಕೇಂದ್ರದಲ್ಲಿ ಬದುಕಿಡೀ ಮಣ್ಣಿನ ಸೂಕ್ಷ್ಮಜೀವಿಗಳನ್ನು ಅಭ್ಯಸಿಸಿದರು. ಸೋಯಾಬೀನ್‌ನಂಥ ದ್ವಿದಳ ಬೆಳೆಗಳು ಬೇರಿನ ಗಂಟುಗಳಲ್ಲಿ ಬ್ಯಾಕ್ಟೀರಿಯಾ ಸಾಕಿ ಗಾಳಿಯ ಸಾರಜನಕ ಪಡೆಯುವುದು ಗೊತ್ತಿದ್ದ ಸಂಗತಿ. ಕಬ್ಬು ಹುಲ್ಲಿನ ಜಾತಿ, ಅದಕ್ಕೆ ಅಂಥ ಗಂಟುಗಳಿಲ್ಲ.

1988ರಲ್ಲಿ ಕವಾಲ್ಕಾಂಟೆ ಮತ್ತು ಡೊಬರೈನರ್ ಉತ್ತರದ ಒಂದು ಎಳೆ ಹಿಡಿದರು. ಕಬ್ಬಿನ ಬೇರು, ಕಾಂಡಗಳ ಒಳಗೇ ಬದುಕುವ, ಸಿಹಿ ರಸವನ್ನು ಸಹಿಸುವ ಬ್ಯಾಕ್ಟೀರಿಯಾ ಒಂದು ಸಿಕ್ಕಿತು. ಆ ಕಾಲದಲ್ಲಿ ಅದಕ್ಕೆ ಬಂದ ಹೆಸರು ‘ಅಸಿಟೊಬ್ಯಾಕ್ಟರ್ ಡಯಜೋಟ್ರೋಫಿಕಸ್’. ಹೆಸರಿನ ನಡುವೆ ಆ ಹಳೆಯ ‘ಅಜೋಟ್’ ಇದೆ. ಕೆಲವು ತಳಿಗಳು ಸಾರಜನಕದ ಅರ್ಧಕ್ಕಿಂತ ಹೆಚ್ಚನ್ನು ಗಾಳಿಯಿಂದಲೇ ಪಡೆದವೆಂದು ಬ್ರೆಜಿಲ್‌ನ 1992ರ ಪ್ರಯೋಗವೊಂದು ತೋರಿಸಿತು.

ಆದರೆ ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾಗಳ ಹೊಲಗಳಲ್ಲಿ ಅಂಥ ಫಲ ಕಾಣಲಿಲ್ಲ. ಬ್ರೆಜಿಲ್‌ನಲ್ಲಿ ತಳಿಗಳನ್ನು ಆಯ್ದದ್ದೇ ಕಡಿಮೆ ಗೊಬ್ಬರದ ಹೊಲಗಳಲ್ಲಿ, ಹಾಗಾಗಿ ಈ ಗೆಳೆತನ ಅಲ್ಲಿ ಉಳಿದಿರಬಹುದು ಎಂಬುದು ಒಂದು ವಿವರಣೆ. ಅದಕ್ಕೆ ಪೂರಕವಾದ ಸಂಗತಿಯೂ ಇದೆ: ಸಾರಜನಕ ಗೊಬ್ಬರ ಹೆಚ್ಚಾದಷ್ಟೂ ಕಬ್ಬಿನೊಳಗೆ ಈ ಬ್ಯಾಕ್ಟೀರಿಯಾದ ಸಂಖ್ಯೆ ಇಳಿಯುತ್ತದೆ.

ಇಲ್ಲಿಯೇ ನಮ್ಮ ಕಡೆಯ ಪ್ರಶ್ನೆ ಏಳುತ್ತದೆ. ಕರ್ನಾಟಕದಲ್ಲಿ ಕಬ್ಬಿಗೆ ಶಿಫಾರಸಾದ ಸಾರಜನಕ ಹೆಕ್ಟೇರಿಗೆ 250 ಕಿಲೊ. ಪೂರ್ತಿ ಯೂರಿಯಾದಿಂದಲೇ ಕೊಟ್ಟರೆ ಎಕರೆಗೆ 45 ಕಿಲೊದ ಸುಮಾರು 5 ಚೀಲ. ಬ್ರೆಜಿಲ್‌ನಲ್ಲಿ ಸಾಮಾನ್ಯವಾಗಿ ಹಾಕುವುದು ಇದಕ್ಕಿಂತ ಬಹಳ ಕಡಿಮೆ. ಮಳೆಯಾಶ್ರಿತ ಬೇಸಾಯ ಹೆಚ್ಚಿರುವ ಆ ದೇಶದ ಲೆಕ್ಕವನ್ನು ಮಂಡ್ಯದ ಕಾಲುವೆ ನೀರಿನ ಗದ್ದೆಗೆ ಹಾಗೇ ತರಲಾಗದು. ಆದರೂ ಸುರಿದ ಯೂರಿಯಾದಲ್ಲಿ ಕಬ್ಬಿಗೆ ದಕ್ಕುವುದು ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆ. ಮಿಕ್ಕದ್ದರಲ್ಲಿ ಬಹಳಷ್ಟು ಗಾಳಿಗೆ ಹಾರಿಹೋಗುತ್ತದೆ, ಇಲ್ಲವೇ ಬಾವಿಯ ನೀರಿಗಿಳಿಯುತ್ತದೆ.

ಪುಣೆ ಬಳಿಯ ಮಾಂಜರಿಯ ವಸಂತದಾದಾ ಸಕ್ಕರೆ ಸಂಸ್ಥೆ ಅಸಿಟೊಬ್ಯಾಕ್ಟರ್ ಜೈವಿಕ ಗೊಬ್ಬರ ತಯಾರಿಸುತ್ತದೆ. ನಾಟಿಗೆ ಮುನ್ನ ಬೀಜದ ತುಂಡುಗಳನ್ನು ಅದರಲ್ಲಿ ಅದ್ದುತ್ತಾರೆ. ಆಮೇಲೂ ಎಂದಿನಷ್ಟೇ ಯೂರಿಯಾ ಹಾಕಿದರೆ ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಸಿದಂತೆ. ಡೊಬರೈನರ್ 2000ದಲ್ಲಿ ತೀರಿಕೊಂಡರು. ಅವರು ಕಂಡ ಜೀವಿಯಿಂದ ಕೆಲಸ ತೆಗೆಯಬೇಕಾದರೆ, ಯೂರಿಯಾ ಎಷ್ಟು ಇಳಿಸಬಹುದೆಂದು ಪ್ರತಿ ಹೊಲದ ನಾಲ್ಕು ಸಾಲುಗಳಲ್ಲಾದರೂ ಪರೀಕ್ಷಿಸಿ ನೋಡಬೇಕು.