ಮೇಜು ಗರಗಸ: ಹಳೆಯ ಯಂತ್ರದ ವಿನ್ಯಾಸ ಬೆಳೆದ ಬಗೆ

ಬೀಡು ಕಬ್ಬಿಣದ ಸಮತಟ್ಟಾದ ಮೇಜು, ಅದರ ಸೀಳಿನಿಂದ ಮೇಲೆದ್ದು ತಿರುಗುವ ದುಂಡು ಅಲಗು, ಹಲಗೆಯನ್ನು ಒರಗಿಸಿಕೊಂಡು ತಳ್ಳಲು ಪಕ್ಕದಲ್ಲೊಂದು ಪಟ್ಟಿ. ಮೇಜು ಗರಗಸದ ಮುಖ್ಯ ಭಾಗಗಳು ಇಷ್ಟೇ. ಇಲ್ಲಿ ಅಲಗು ನಿಂತಲ್ಲೇ ತಿರುಗುತ್ತದೆ, ಮರ ಅದರತ್ತ ಸಾಗುತ್ತದೆ.

ಹುಣಸೂರಿನ ಮರದ ನಂಟು

ನಮ್ಮ ನಾಡಿನಲ್ಲಿ ಮರದ ಕೆಲಸಕ್ಕೆ ಹಳೆಯ ನಂಟುಳ್ಳ ಊರು ಮೈಸೂರು ಜಿಲ್ಲೆಯ ಹುಣಸೂರು. ಲಕ್ಷ್ಮಣತೀರ್ಥ ನದಿಯ ದಡದ ಈ ಊರಿಗೆ ನಾಗರಹೊಳೆ, ಕಾಕನಕೋಟೆ, ಕೊಡಗಿನ ಕಾಡುಗಳು ಹತ್ತಿರ. 19ನೇ ಶತಮಾನದಲ್ಲಿ ಮದ್ರಾಸ್ ಸೈನ್ಯದ ಸರಬರಾಜು ಇಲಾಖೆ ಇಲ್ಲಿ ಚರ್ಮ ಹದಮಾಡುವ ಹಾಗೂ ಕಂಬಳಿ ನೇಯುವ ಕಾರ್ಖಾನೆಗಳ ಜೊತೆಗೆ ಮರದ ದಾಸ್ತಾನನ್ನೂ ನಡೆಸುತ್ತಿತ್ತು.

ಯಂತ್ರ ಬರುವ ಮೊದಲು ದಿಮ್ಮಿಗಳನ್ನು ಕೈಗರಗಸದಿಂದಲೇ ಕೊಯ್ಯಬೇಕಿತ್ತು. ಒಬ್ಬ ದಿಮ್ಮಿಯ ಮೇಲೆ, ಇನ್ನೊಬ್ಬ ಕೆಳಗೆ ನಿಂತು ಉದ್ದ ಗರಗಸ ಎಳೆಯುತ್ತಿದ್ದರು. ಅದು ಕೆಳಗಿಳಿಯುವಾಗ ಮಾತ್ರ ಮರ ಕೊಯ್ಯುತ್ತದೆ, ಮೇಲೇರುವಾಗಿನ ಶ್ರಮ ಬರಿದೇ. ದುಂಡು ಅಲಗು ಬಿಡುವಿಲ್ಲದೆ ಕೊಯ್ಯುತ್ತದೆ.

ಇಂಗ್ಲೆಂಡಿನಲ್ಲಿ ಆರಂಭ

ದುಂಡು ಗರಗಸದ ಉಲ್ಲೇಖವಿರುವ ಪೇಟೆಂಟ್ 1777ರದು. ಪಡೆದವನು ಸೌತಾಂಪ್ಟನ್‌ನ ಸ್ಯಾಮ್ಯುಯೆಲ್ ಮಿಲ್ಲರ್. ಅದೇ ಊರಿನ ವಾಲ್ಟರ್ ಟೇಲರ್ ಹಡಗಿನ ಹಗ್ಗಗಳ ರಾಟೆ ತಯಾರಿಸಲು ಇಂಥ ಗರಗಸ ಬಳಸಿದ. 1793ರ ಪೇಟೆಂಟ್‌ನಲ್ಲಿ ಸ್ಯಾಮ್ಯುಯೆಲ್ ಬೆಂಥಮ್ ಸೀಳುಳ್ಳ ಮೇಜು ಮತ್ತು ಮರವನ್ನು ನೇರವಾಗಿ ನಡೆಸುವ ಪಟ್ಟಿಯನ್ನು ವಿವರಿಸಿದ. ಇಂದಿನ ಯಂತ್ರದ ಮೂಲರೂಪ ಅಲ್ಲಿದೆ.

ಬೇರಿಂಗ್ ಮತ್ತು ಬೆಲ್ಟ್

ವೇಗ ಹೆಚ್ಚಿದಂತೆ ಅಲಗಿನ ದಂಡ ಕಾಯುತ್ತಿತ್ತು. 1839ರಲ್ಲಿ ಅಮೆರಿಕದ ಐಸಾಕ್ ಬ್ಯಾಬಿಟ್ ಪೇಟೆಂಟ್ ಪಡೆದ ತವರ ಪ್ರಧಾನ ಮಿಶ್ರಲೋಹದ ಬೇರಿಂಗ್ ಇದಕ್ಕೆ ನೆರವಾಯಿತು. ಸವೆದಾಗ ಹೊಸ ಲೋಹ ಕರಗಿಸಿ ಹುಯ್ದರೆ ಸಾಕಿತ್ತು.

ಉಗಿಯಂತ್ರದ ಕಾಲದಲ್ಲಿ ಒಂದೇ ಉದ್ದನೆಯ ದಂಡದಿಂದ ಚಪ್ಪಟೆ ಬೆಲ್ಟುಗಳು ಹಲವು ಯಂತ್ರಗಳನ್ನು ತಿರುಗಿಸುತ್ತಿದ್ದವು. ವಿದ್ಯುತ್ತು ಪ್ರತಿ ಯಂತ್ರಕ್ಕೂ ಸ್ವಂತ ಮೋಟಾರು ಕೊಟ್ಟಿತು. ನಮ್ಮ ನಾಡಿನಲ್ಲಿ 1902ರಲ್ಲಿ ಶಿವನಸಮುದ್ರದಲ್ಲಿ ಜಲವಿದ್ಯುತ್ ಶುರುವಾಯಿತು, 1908ರಲ್ಲಿ ಮೈಸೂರು ನಗರಕ್ಕೆ ದೀಪ ಬಂತು.

ಓರೆ ಕೊಯ್ತ

ಹಳೆಯ ಎಷ್ಟೋ ಯಂತ್ರಗಳಲ್ಲಿ ಓರೆಯಾಗಿ ಕೊಯ್ಯಲು ಮೇಜನ್ನೇ ವಾಲಿಸಬೇಕಿತ್ತು. ಭಾರದ ಹಲಗೆ ಇಳಿಜಾರಿನಲ್ಲಿ ಜಾರುತ್ತಿತ್ತು. ಮೇಜು ಮಟ್ಟವಾಗಿದ್ದು ಅಲಗೇ ವಾಲುವ ವಿನ್ಯಾಸ ಆ ತೊಡಕನ್ನು ಕಳೆಯಿತು. ಡೆಲ್ಟಾ ಕಂಪನಿ 1939ರಲ್ಲಿ ತಂದ ‘ಯೂನಿಸಾ’ ಅದನ್ನು ಜನಪ್ರಿಯಗೊಳಿಸಿತು.

ಅಪಾಯ ಎಲ್ಲಿದೆ?

ಮುಂಭಾಗದ ಹಲ್ಲುಗಳು ಮರವನ್ನು ಮೇಜಿಗೆ ಒತ್ತುತ್ತವೆ, ಹಿಂಭಾಗದವು ಮೇಲೆತ್ತುತ್ತವೆ. ಕೊಯ್ದ ಸೀಳು ಮುಚ್ಚಿಕೊಂಡು ಅಲಗನ್ನು ಹಿಡಿದರೆ ಮರ ಕೆಲಸಗಾರನ ಮೈಮೇಲೆಯೇ ಚಿಮ್ಮುತ್ತದೆ. 12 ಅಂಗುಲದ ಅಲಗು ನಿಮಿಷಕ್ಕೆ 3,000 ಸುತ್ತು ತಿರುಗಿದರೆ ಅದರ ಅಂಚಿನ ವೇಗ ಗಂಟೆಗೆ ಸುಮಾರು 170 ಕಿ.ಮೀ. ಅಲಗಿನ ಹಿಂದೆ ನಿಲ್ಲಿಸುವ ತೆಳು ಉಕ್ಕಿನ ತುಂಡು ಸೀಳು ಮುಚ್ಚದಂತೆ ತಡೆಯುತ್ತದೆ. 1999ರಲ್ಲಿ ಅಮೆರಿಕದ ಸ್ಟೀಫನ್ ಗ್ಯಾಸ್ ಬೆರಳು ತಾಗಿದೊಡನೆ ಅಲಗು ನಿಲ್ಲುವ ಏರ್ಪಾಟನ್ನು ರೂಪಿಸಿದರು.

ಹಳೆಯದನ್ನು ಗುರುತಿಸುವುದು, ಉಳಿಸುವುದು

ಚಪ್ಪಟೆ ಬೆಲ್ಟಿನ ಅಗಲ ಗಾಲಿ, ಲೋಹ ಹುಯ್ದ ಬೇರಿಂಗ್, ವಾಲುವ ಮೇಜು, ಕವಚವಿಲ್ಲದ ಅಲಗು: ಸಾಮಿಲ್‌ನಲ್ಲಿ ಇವು ಕಂಡರೆ ಅದು ಹಳೆಯ ವಿನ್ಯಾಸವೆಂದು ತಿಳಿಯಬಹುದು. ಅಂಥ ಯಂತ್ರವನ್ನು ಗುಜರಿಗೆ ಹಾಕಬಾರದು. ಭಾರದ ಬೀಡು ಕಬ್ಬಿಣ ನಡುಕವನ್ನು ಹೀರಿಕೊಳ್ಳುವುದರಿಂದ ಕೊಯ್ತ ನಯವಾಗಿ ಬರುತ್ತದೆ. ಆದರೆ ಮತ್ತೆ ಕೆಲಸಕ್ಕೆ ಹೂಡುವ ಮುನ್ನ ಅಲಗಿಗೆ ಕವಚ, ಹಿಂದೆ ಉಕ್ಕಿನ ತುಂಡು, ಕೈಗೆಟಕುವಲ್ಲಿ ಸ್ವಿಚ್ಚು ಇರಲೇಬೇಕು. ಎರಡು ಶತಮಾನಗಳ ವಿನ್ಯಾಸ ಕಲಿಸಿರುವುದು ಇದನ್ನೇ: ಮರ ಅಲಗಿಗೆ ಸಿಗಬೇಕು, ಕೈ ಸಿಗಬಾರದು.