ಭಾವಾಲ್ ಸನ್ಯಾಸಿ ಮತ್ತು ಒಪ್ಪದ ಹೆಂಡತಿ

ಕಳೆದ ದಸರಾ ಹೊತ್ತಿಗೆ ನಮ್ಮ ಮಹಿಳಾ ವೇದಿಕೆಯ ಓದುಗರ ಬಳಗದಲ್ಲಿ ಒಂದು ಸಸ್ಪೆನ್ಸ್ ಕಾದಂಬರಿ ಓದಿದ್ದೆವು. ಎರಡು ಶ್ರೀಮಂತ ಮನೆತನಗಳ ಹಗೆ, ಬೆಟ್ಟದ ಮೇಲಿನ ಬಂಗಲೆಯಲ್ಲಿ ಒಂದು ಸಾವು, ಕೊನೆಯ ಪುಟದವರೆಗೂ ಬಚ್ಚಿಟ್ಟ ಗುಟ್ಟು. ಚರ್ಚೆ ಮುಗಿಯುವಾಗ ಒಬ್ಬರು, "ಇದೆಲ್ಲ ಪುಸ್ತಕದಲ್ಲಿ ಮಾತ್ರ ಕಣ್ರೀ, ನಿಜವಾಗಿ ಎಲ್ಲಿ ನಡೆಯುತ್ತೆ?" ಅಂದರು. ನಾನು ಭಾವಾಲ್ ಸನ್ಯಾಸಿಯ ಮೊಕದ್ದಮೆಯ ಹೆಸರೆತ್ತಿದೆ. ನನಗೂ ಅದು ಗೊತ್ತಾಗಿದ್ದು ಆಫೀಸಿನ ಬಂಗಾಳಿ ಗೆಳತಿಯಿಂದ. ಅವರಲ್ಲಿ ಅದು ಮನೆಮನೆಯ ಕಥೆ. ಉತ್ತಮ್ ಕುಮಾರ್ ಅವರ 1975ರ 'ಸನ್ಯಾಸಿ ರಾಜ' ಚಿತ್ರಕ್ಕೂ ಇದೇ ಪ್ರಕರಣ ಪ್ರೇರಣೆ. ಐದು ನಿಮಿಷದಲ್ಲಿ ಕಥೆ ಹೇಳಿ ಮುಗಿಸಿದೆ. ಬಳಗದ ತೀರ್ಪು ಐದು ಸೆಕೆಂಡಿನಲ್ಲಿ ಬಂತು: "ಹಾಗಾದ್ರೆ ಹೆಂಡ್ತಿನೇ ವಿಲನ್!"

ಆ ಮಾತು ನನಗೆ ಸರಿಬರಲಿಲ್ಲ. ಐದು ನಿಮಿಷದಲ್ಲಿ ನಾನು ಹೇಳದೆ ಬಿಟ್ಟಿದ್ದನ್ನು ಸೇರಿಸಿ ಈಗ ಬರೆಯುತ್ತಿದ್ದೇನೆ.

ಢಾಕಾ ಹತ್ತಿರದ ಜಯದೇವಪುರ ಭಾವಾಲ್ ಜಮೀನ್ದಾರಿಯ ಕೇಂದ್ರ. ಪೂರ್ವ ಬಂಗಾಳದ ಬಹುದೊಡ್ಡ ಜಮೀನ್ದಾರಿಗಳಲ್ಲಿ ಒಂದು, ಅದರ ಹಳ್ಳಿಗಳಲ್ಲಿ ಸುಮಾರು 5 ಲಕ್ಷ ಜನ. ರಾಜಾ ರಾಜೇಂದ್ರ ನಾರಾಯಣ ರಾಯ್ 1901ರಲ್ಲಿ ತೀರಿಕೊಂಡಾಗ ಮೂವರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು ಉಳಿದರು. ನಡುವಿನವನು ರಾಮೇಂದ್ರ, ಜನರ ಬಾಯಲ್ಲಿ 'ಮೇಜೊ ಕುಮಾರ', ಅಂದರೆ ಎರಡನೇ ಕುಮಾರ. ಬೇಟೆ, ಕುದುರೆ, ಆನೆ ಅಂದರೆ ಪ್ರಾಣ. ಓದುಬರಹ ಅಷ್ಟಕ್ಕಷ್ಟೆ. 1902ರಲ್ಲಿ ವಿಭಾವತಿ ದೇವಿಯ ಜೊತೆ ಮದುವೆಯಾಯಿತು. ಆಕೆ ಕುಲೀನ ಬ್ರಾಹ್ಮಣ ಮನೆಯ ಹುಡುಗಿ, ತಂದೆ ಇಲ್ಲ, ಅಣ್ಣ ಸತ್ಯೇಂದ್ರನಾಥ ಬ್ಯಾನರ್ಜಿಯೇ ಆಸರೆ. ಕುಮಾರನ ಸಂಸಾರ ಹೆಚ್ಚಾಗಿ ಹೊರಗಡೆಯೇ ಇತ್ತು. ಕೆಲವೇ ವರ್ಷಗಳಲ್ಲಿ ಸಿಫಿಲಿಸ್ ಅಂಟಿತು. ಇದನ್ನು ಯಾರೂ ಅಲ್ಲಗಳೆಯಲಿಲ್ಲ. ಮುಂದೆ ಕೋರ್ಟಿನಲ್ಲಿ ಆ ರೋಗದ ಕಲೆಗಳೇ ಸಾಕ್ಷಿಯಾದವು.

1909ರ ಏಪ್ರಿಲ್‌ನಲ್ಲಿ ಚಿಕಿತ್ಸೆ, ಹವಾ ಬದಲಾವಣೆ ಅಂತ ಕುಮಾರನನ್ನು ಡಾರ್ಜಿಲಿಂಗಿಗೆ ಕರೆದೊಯ್ದರು. ಜೊತೆಗೆ ಹೆಂಡತಿ, ಭಾವಮೈದುನ ಸತ್ಯೇಂದ್ರ, ಮನೆಯ ವೈದ್ಯ ಮತ್ತು ಆಳುಕಾಳುಗಳ ದಂಡು. ತಂಗಿದ್ದ ಮನೆಯ ಹೆಸರು 'ಸ್ಟೆಪ್ ಅಸೈಡ್'. (1925ರಲ್ಲಿ ದೇಶಬಂಧು ಚಿತ್ತರಂಜನ್ ದಾಸ್ ಕೊನೆಯುಸಿರೆಳೆದದ್ದೂ ಇದೇ ಮನೆಯಲ್ಲಿ.) ಮೇ 8ರಂದು ಕುಮಾರ ಸತ್ತ, ದಹನವಾಯಿತು ಎಂದು ಜಯದೇವಪುರಕ್ಕೆ ಸುದ್ದಿ ಬಂತು. ಪಿತ್ತಕೋಶದ ಕಲ್ಲಿನ ನೋವಿನಿಂದ ಸಾವು ಎಂದು ಡಾರ್ಜಿಲಿಂಗಿನ ಸಿವಿಲ್ ಸರ್ಜನ್ ಪ್ರಮಾಣಪತ್ರ ಕೊಟ್ಟಿದ್ದರು. ಜೀವವಿಮೆಯ 30,000 ರೂಪಾಯಿಯೂ ಬಂತು.

ಆದರೆ ಅಂತ್ಯಕ್ರಿಯೆ ಸರಿಯಾಗಿ ನಡೆದಿಲ್ಲ, ಹೆಣವೇ ಸಿಕ್ಕಿಲ್ಲ ಎಂಬ ಗುಸುಗುಸು ನಿಲ್ಲಲೇ ಇಲ್ಲ. ಹನ್ನೆರಡು ವರ್ಷದ ಮೇಲೆ ಢಾಕಾದ ನದಿ ದಂಡೆಯ ಬಕ್‌ಲ್ಯಾಂಡ್ ಕಟ್ಟೆಯ ಮೇಲೆ ಬೂದಿ ಬಳಿದುಕೊಂಡ ಜಟಾಧಾರಿಯೊಬ್ಬ ಕೂತಿದ್ದು ಕಂಡಿತು. ನೋಡಿದವರಿಗೆ ಮೇಜೊ ಕುಮಾರನ ಮುಖ ನೆನಪಾಯಿತು. ಅವನನ್ನು ಜಯದೇವಪುರಕ್ಕೆ ಕರೆತಂದರು. ಅಕ್ಕ ಜ್ಯೋತಿರ್ಮಯಿ ಮನೆಗೆ ಕರೆದು ಉಣಬಡಿಸಿದಳು, ಕೈಕಾಲು ದಿಟ್ಟಿಸಿದಳು. 1921ರ ಮೇ 4ರಂದು ನೆರೆದ ಜನರೆದುರು ಆತ ತಾನೇ ರಾಮೇಂದ್ರ ಎಂದ. ಸಾಕಿದ ದಾದಿಯ ಹೆಸರೇನು ಎಂದು ಕೇಳಿದರು. "ಅಲಕಾ" ಎಂದ. ಜನ ಜಯಘೋಷ ಹಾಕಿದರು.

ಈ ಘಟ್ಟ ಬಂದಾಗೆಲ್ಲ ನನಗೆ ನಗು ಬರುತ್ತದೆ. ನನ್ನ ಕೆಲಸವೇ ಲಾಗಿನ್ ಮಾಡುತ್ತಿರುವವರು ನಿಜವಾಗಿ ಅವರೇನಾ ಎಂದು ಪರೀಕ್ಷಿಸುವ ಸಾಫ್ಟ್‌ವೇರ್ ಬರೆಯುವುದು. ಪಾಸ್‌ವರ್ಡ್ ಮರೆತರೆ ನಿಮ್ಮ ಮೊದಲ ಶಾಲೆ ಯಾವುದು ಅಂತ ಕೇಳುತ್ತೇವಲ್ಲ, ದಾದಿಯ ಹೆಸರು ಅದೇ ಜಾತಿಯ ಪ್ರಶ್ನೆ. ಮನೆಯ ಇನ್ನೊಬ್ಬರಿಗೆ ಗೊತ್ತಿರುವ ಉತ್ತರ ಗುಟ್ಟಲ್ಲ ಎಂಬುದು ನಮ್ಮ ಕೆಲಸದ ಮೊದಲ ಪಾಠ. ಆತ ಸುಳ್ಳ ಅಂತ ನಾನು ಹೇಳುತ್ತಿಲ್ಲ. ಆ ಉತ್ತರದಿಂದ ಏನೂ ಸಾಬೀತಾಗಲಿಲ್ಲ ಅಂತಷ್ಟೇ.

ಅಲ್ಲಿಂದ ಮನೆತನ ಎರಡಾಯಿತು. ಒಂದು ಕಡೆ ಅಕ್ಕತಂಗಿಯರು, ಅಜ್ಜಿ ಸತ್ಯಭಾಮಾ ದೇವಿ, ಸಾವಿರಾರು ಒಕ್ಕಲುಗಳು. ಇನ್ನೊಂದು ಕಡೆ ಕಲಕತ್ತೆಯಲ್ಲಿ ಅಣ್ಣನ ಮನೆಯಲ್ಲಿದ್ದ ವಿಭಾವತಿ, ಅಣ್ಣ ಸತ್ಯೇಂದ್ರ, ಅವರ ಬೆನ್ನಿಗೆ ಬ್ರಿಟಿಷ್ ಸರ್ಕಾರ. ಸರ್ಕಾರಕ್ಕೇನು ಕೆಲಸ ಅಂತೀರಾ? ಇಲ್ಲೇ ಇರುವುದು ನಾನು ಐದು ನಿಮಿಷದಲ್ಲಿ ಹೇಳದೆ ಬಿಟ್ಟ ಭಾಗ.

ಬಂಗಾಳದಲ್ಲಿ ನಡೆಯುತ್ತಿದ್ದುದು ದಾಯಭಾಗ ಪದ್ಧತಿ. ಅದರಂತೆ ಗಂಡುಮಕ್ಕಳಿಲ್ಲದೆ ಗಂಡ ಸತ್ತರೆ, ಕುಟುಂಬ ಒಟ್ಟಾಗಿದ್ದರೂ, ಅವನ ಪಾಲು ವಿಧವೆಗೆ ಬರುತ್ತದೆ. ಮಾರುವ ಹಕ್ಕು ಇಲ್ಲ, ಬದುಕಿರುವವರೆಗೆ ಆದಾಯ ಆಕೆಯದು. ಆಕೆ ಸತ್ತ ಮೇಲೆ ಅದು ಗಂಡನ ಕಡೆಯ ವಾರಸುದಾರರಿಗೆ ಹೋಗುತ್ತದೆ. ಭಾವಾಲ್ ಮನೆಯಲ್ಲಿ ಹಿರಿಯ ಕುಮಾರ 1910ರಲ್ಲಿ, ಕಿರಿಯವನು 1913ರಲ್ಲಿ ತೀರಿಕೊಂಡರು. ಮೂವರಿಗೂ ಮಕ್ಕಳಿಲ್ಲ. ಅಷ್ಟು ದೊಡ್ಡ ಜಮೀನ್ದಾರಿಯ ಒಡೆತನ ಮೂವರು ಎಳೆಯ ವಿಧವೆಯರದಾಯಿತು. ಹೆಂಗಸರಿಗೆ ಆಡಳಿತ ಸಾಗದು ಎಂದು ಸರ್ಕಾರ 'ಕೋರ್ಟ್ ಆಫ್ ವಾರ್ಡ್ಸ್' ಮೂಲಕ ಎಲ್ಲವನ್ನೂ ತನ್ನ ಕೈಗೆ ತೆಗೆದುಕೊಂಡಿತು. ವಿಭಾವತಿಗೆ ಅವಳ ಪಾಲಿನ ಹಣ ಬರುತ್ತಿತ್ತು, ಲೆಕ್ಕ ನೋಡಿಕೊಳ್ಳುತ್ತಿದ್ದವನು ಅಣ್ಣ.

ಹಾಗಾಗಿ ಸನ್ಯಾಸಿ ಕುಮಾರನೇ ಆದರೆ ಆಕೆಯ ಕೈಯಲ್ಲಿದ್ದುದೆಲ್ಲ ಹೋಗುತ್ತಿತ್ತು. ಆಕೆ ಸುಳ್ಳು ಹೇಳಲು ಕಾರಣವಿತ್ತು ಎಂದವರು ಇದನ್ನೇ ತೋರಿಸಿದರು. ಸರಿ, ಆದರೆ ಲಾಭದ ಲೆಕ್ಕ ಒಂದು ಕಡೆಗೆ ಮಾತ್ರ ಯಾಕೆ? ದಾಯಭಾಗದಲ್ಲಿ ಸೋದರಿಯ ಮಗನೂ ವಾರಸುದಾರರ ಸಾಲಿನಲ್ಲಿ ಇದ್ದಾನೆ, ಆದರೆ ಸೋದರನ ಮಗ ಇದ್ದರೆ ಅವನು ಮುಂದೆ. ಕಿರಿಯ ಸೊಸೆ ಆನಂದಕುಮಾರಿ ಒಬ್ಬ ಹುಡುಗನನ್ನು ದತ್ತು ತೆಗೆದುಕೊಂಡಳು. ಅಕ್ಕತಂಗಿಯರ ಮಕ್ಕಳಿಗಿದ್ದ ಆಸೆ ಅಲ್ಲಿಗೆ ಮುಗಿಯಿತು. ತಮ್ಮ ತಿರುಗಿ ಬಂದರೆ ಅವರಿಗೂ ತವರಿನ ಬಾಗಿಲು ತೆರೆಯುತ್ತದೆ. ಜ್ಯೋತಿರ್ಮಯಿಯ ಕಣ್ಣೀರು ಸುಳ್ಳು ಎನ್ನಲು ನನಗೆ ಮನಸ್ಸಿಲ್ಲ. ಆದರೆ ಅಕ್ಕನದು ಪ್ರೀತಿ, ಹೆಂಡತಿಯದು ದುರಾಸೆ ಎಂದು ಊರು ಅಷ್ಟು ಬೇಗ ತೀರ್ಮಾನಿಸಿದ್ದು ವಿಚಿತ್ರ. ಇನ್ನೊಂದು ಸಂಗತಿ, ಹಿರಿಯ ಸೊಸೆ ಸರಯೂಬಾಲಾ ಸನ್ಯಾಸಿಯನ್ನು ಮೈದುನ ಎಂದು ಒಪ್ಪಿದಳು. ಅಂದರೆ ಸೊಸೆಯಂದಿರೂ ಒಂದೇ ಪಕ್ಷದಲ್ಲಿ ಇರಲಿಲ್ಲ.

1921ರಲ್ಲೇ ಢಾಕಾದ ಕಲೆಕ್ಟರ್ ಅವನು ಮೋಸಗಾರ ಎಂದು ಪ್ರಕಟಣೆ ಹೊರಡಿಸಿದ್ದ. ಅಸಹಕಾರ ಚಳವಳಿಯ ದಿನಗಳು, ಸರ್ಕಾರ ಇಲ್ಲ ಎಂದರೆ ಜನ ಹೌದು ಎನ್ನುವ ಕಾಲ. ಕಡೆಗೆ 1930ರಲ್ಲಿ ಸನ್ಯಾಸಿ ದಾವೆ ಹೂಡಿದ. 1933ರ ನವೆಂಬರ್ 30ರಂದು ನ್ಯಾಯಾಧೀಶ ಪನ್ನಾಲಾಲ್ ಬಸು ಅವರ ಮುಂದೆ ವಿಚಾರಣೆ ಶುರುವಾಯಿತು. ಎರಡೂ ಕಡೆ ಸೇರಿ 1,500ಕ್ಕೂ ಹೆಚ್ಚು ಸಾಕ್ಷಿಗಳು. ವಾದಿಯ ಕಥೆ ಹೀಗಿತ್ತು: ತನಗೆ ವಿಷ ಹಾಕಿದರು. ಸಂಜೆ ಸ್ಮಶಾನಕ್ಕೆ ಒಯ್ದಾಗ ಬಿರುಗಾಳಿ, ಮಳೆ ಬಂದು ಹೊತ್ತವರು ಆಸರೆ ಹುಡುಕಿ ಹೋದರು. ನಾಗಾ ಸಾಧುಗಳು ತನ್ನನ್ನು ಎತ್ತಿಕೊಂಡು ಹೋಗಿ ಬದುಕಿಸಿದರು. ನೆನಪು ಹೋಗಿತ್ತು, ವರ್ಷಗಳ ಮೇಲೆ ಮರಳಿತು. ಮರುದಿನ ಸುಟ್ಟದ್ದು ಬೇರೆ ಯಾರದೋ ಹೆಣ. ಪ್ರತಿವಾದಿಗಳ ಪ್ರಕಾರ ಈತ ಪಂಜಾಬಿನ ಔಜ್ಲಾ ಹಳ್ಳಿಯ ಮಾಲ್ ಸಿಂಗ್. ಆ ಸಂಜೆ ಡಾರ್ಜಿಲಿಂಗಿನಲ್ಲಿ ಮಳೆ ಬಿದ್ದಿತ್ತೇ ಎಂದು ಮಳೆಮಾಪನದ ದಾಖಲೆಗಳ ಮೇಲೂ ವಾದ ನಡೆಯಿತು. ಕಾಲಿನ ಪೊರೆಗಟ್ಟಿದ ಚರ್ಮ, ಗಾಡಿಚಕ್ರ ಹರಿದ ಗಾಯದ ಗುರುತು, ಬೂಟಿನ ಅಳತೆ, ಇಬ್ಬರ ಫೋಟೋಗಳು, ಯಾವುದೂ ಬಿಡಲಿಲ್ಲ. ಡಿಎನ್‌ಎ ಪರೀಕ್ಷೆ ಇಲ್ಲದ ಕಾಲದಲ್ಲಿ ಒಬ್ಬ ಮನುಷ್ಯ ಯಾರು ಎಂದು ತೀರ್ಮಾನಿಸಲು ಅವನ ಮೈಯನ್ನೇ ದಸ್ತಾವೇಜಿನಂತೆ ಓದಿದರು.

ಆ ಕೋರ್ಟಿನಲ್ಲಿ ವಿಭಾವತಿಯೂ ಸಾಕ್ಷಿ ಹೇಳಬೇಕಾಯಿತು. ಪರದೆಯ ಹಿಂದೆ ಬೆಳೆದ ಹೆಂಗಸು, ಗಂಡ ಹೊರಗೆ ತಂದ ರೋಗದ ಬಗ್ಗೆ, ಹಾಸಿಗೆಯ ಬಗ್ಗೆ, ಕೊನೆಯ ರಾತ್ರಿಯ ಬಗ್ಗೆ ಪಾಟೀಸವಾಲಿಗೆ ಉತ್ತರ ಕೊಟ್ಟಳು. ಈತ ನನ್ನ ಗಂಡನಲ್ಲ ಎಂಬ ಮಾತು ಬದಲಿಸಲಿಲ್ಲ. ನ್ಯಾಯಾಧೀಶರು 1936ರ ಆಗಸ್ಟ್ 24ರಂದು ಸನ್ಯಾಸಿಯ ಪರ ತೀರ್ಪು ಕೊಟ್ಟರು. 532 ಪುಟದ ಆ ತೀರ್ಪಿನ ಪ್ರಕಾರ ಆಕೆ ಅಣ್ಣನ ಹಿಡಿತದಲ್ಲಿದ್ದವಳು, ಅಣ್ಣ ಹೇಳಿದಂತೆ ಕೇಳುವವಳು. ಇರಬಹುದು. ಆದರೆ ಅಜ್ಜಿ, ಅಕ್ಕ, ಒಕ್ಕಲಿನವರು "ಹೌದು" ಅಂದಾಗ ಅದು ಸ್ವಂತ ಕಣ್ಣಿನ ಸಾಕ್ಷಿ, ಹೆಂಡತಿ "ಅಲ್ಲ" ಅಂದಾಗ ಮಾತ್ರ ಅದು ಅಣ್ಣನ ಮಾತು. ನನಗೆ ಜೀರ್ಣವಾಗದೆ ಉಳಿದಿರುವುದು ಇದು.

ಇದನ್ನು ಓದುವಾಗ ನನಗೆ ನಮ್ಮ ಅಜ್ಜಿಯ ದೊಡ್ಡಮ್ಮ ನೆನಪಾದರು. ನಾನು ಅವರನ್ನು ನೋಡಿಲ್ಲ. ಧಾರವಾಡದ ಕಡೆಯ ದೊಡ್ಡ ಮನೆ, ಹದಿನೇಳಕ್ಕೆ ಗಂಡ ಹೋದ, ಮುಂದಿನ ಬದುಕೆಲ್ಲ ಅಡಿಗೆಮನೆ ಪಕ್ಕದ ಕೋಣೆ. ಫೋನಿನಲ್ಲಿ ಕೇಳಿದಾಗ ಅಜ್ಜಿ ಹೇಳಿದ್ದು ಇಷ್ಟೇ: "ಅಕಿಗೆ ಪೋಟಗಿ ಇತ್ತವಾ, ಪಾಲು ಎಲ್ಲಿಂದ ಬರಬೇಕು?" ನಮ್ಮ ಕಡೆ ಇದ್ದದ್ದು ಮಿತಾಕ್ಷರ ಪದ್ಧತಿ. ಅವಿಭಕ್ತ ಕುಟುಂಬದಲ್ಲಿ ಗಂಡ ಸತ್ತರೆ ಅವನ ಪಾಲು ಉಳಿದ ಗಂಡಸರಿಗೆ ಸೇರುತ್ತಿತ್ತು, ವಿಧವೆಗೆ ಅನ್ನ ಬಟ್ಟೆ. ಭಾವಾಲ್ ವಿಚಾರಣೆ ಶುರುವಾದ 1933ರಲ್ಲೇ ಮೈಸೂರು ಸಂಸ್ಥಾನ ಹಿಂದೂ ಸ್ತ್ರೀಯರ ಹಕ್ಕುಗಳ ಕಾನೂನು ತಂದು ವಿಧವೆಗೂ ಪಾಲಿನಲ್ಲಿ ಹಕ್ಕು ಕೊಟ್ಟಿತು. ಧಾರವಾಡ ಮುಂಬಯಿ ಪ್ರಾಂತದಲ್ಲಿತ್ತು, ಅಲ್ಲಿಗೆ ಬ್ರಿಟಿಷ್ ಇಂಡಿಯಾದ 1937ರ ಕಾನೂನು ಬರಬೇಕಾಯಿತು. ಅದೂ ಬದುಕಿರುವವರೆಗಿನ ಹಕ್ಕು ಮಾತ್ರ, ಪೂರ್ಣ ಒಡೆತನ 1956ರಲ್ಲಿ. ನಮ್ಮ ದೊಡ್ಡಮ್ಮನ ಗಂಡ ಸನ್ಯಾಸಿಯಾಗಿ ತಿರುಗಿ ಬಂದಿದ್ದರೂ ಮೊಕದ್ದಮೆ ಆಕೆಯ ಮೇಲೆ ಬೀಳುತ್ತಿರಲಿಲ್ಲ. ಆಕೆಯ ಕೈಯಲ್ಲಿ ಏನೂ ಇರಲಿಲ್ಲವಲ್ಲ!

ವಿಭಾವತಿ ಮೇಲ್ಮನವಿ ಹಾಕಿದಳು. ಕಲಕತ್ತಾ ಹೈಕೋರ್ಟಿನಲ್ಲಿ ಮೂವರು ನ್ಯಾಯಮೂರ್ತಿಗಳು, 1940ರಲ್ಲಿ ಇಬ್ಬರು ಸನ್ಯಾಸಿಯ ಪರ, ಒಬ್ಬರು ವಿರುದ್ಧ. ಅವರಲ್ಲಿ ಕಾಸ್ಟೆಲೊ ಇಂಗ್ಲೆಂಡಿಗೆ ಹೋದವರು ಯುದ್ಧದಿಂದಾಗಿ ಅಲ್ಲೇ ಉಳಿದು, ಬರೆದ ತೀರ್ಪನ್ನು ಅಲ್ಲಿಂದಲೇ ಕಳಿಸಿದರು. ಆಕೆ ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೂ ಹೋದಳು. ಕೆಳಗಿನ ಎರಡೂ ಕೋರ್ಟುಗಳು ಸತ್ಯಾಂಶದ ಬಗ್ಗೆ ಒಂದೇ ನಿರ್ಣಯಕ್ಕೆ ಬಂದಿರುವಾಗ ತಾವು ಕೈಹಾಕುವುದಿಲ್ಲ ಎಂದು 1946ರ ಜುಲೈ 30ರಂದು ಅಲ್ಲಿಯೂ ಮೇಲ್ಮನವಿ ವಜಾ ಆಯಿತು. ಸುದ್ದಿ ಕಲಕತ್ತೆಗೆ ತಂತಿಯಲ್ಲಿ ಬಂತು. ಗೆದ್ದವನು ಪೂಜೆ ಕೊಡಲು ಥಂಥನಿಯಾ ಕಾಳಿ ಗುಡಿಗೆ ಹೋದ, ಅಲ್ಲೇ ಪಾರ್ಶ್ವವಾಯು ಬಡಿಯಿತು. ಎರಡು ದಿನದಲ್ಲಿ ತೀರಿಕೊಂಡ. ಇದು ದೇವರು ಕೊಟ್ಟ ತೀರ್ಪು ಎಂದು ವಿಭಾವತಿ ನಂಬಿದಳಂತೆ.

ಮಾರನೇ ವರ್ಷ ದೇಶ ವಿಭಜನೆ, 1950ರಲ್ಲಿ ಪೂರ್ವ ಬಂಗಾಳದಲ್ಲಿ ಜಮೀನ್ದಾರಿ ರದ್ದು. ಜಯದೇವಪುರದ ಅರಮನೆ ಇಂದು ಬಾಂಗ್ಲಾದೇಶದ ಗಾಜೀಪುರ ಜಿಲ್ಲೆಯ ಸರ್ಕಾರಿ ಕಚೇರಿ. ಅದಕ್ಕೂ ಮುಂಚೆ ಒಂದು ಲೆಕ್ಕ ಬಾಕಿ ಇತ್ತು. ಮೂರು ಕೋರ್ಟುಗಳ ಪ್ರಕಾರ ಆತ ರಾಮೇಂದ್ರನೇ ಆದ್ದರಿಂದ, ಆತ ಸತ್ತ ಮೇಲೆ ಕಾನೂನಿನಂತೆ ವಿಭಾವತಿಗೆ ವಿಧವೆಯ ಹಣ ಬರಬೇಕಿತ್ತು. ಲಕ್ಷಗಟ್ಟಲೆ ರೂಪಾಯಿ. ತೆಗೆದುಕೊಂಡರೆ ಆತನನ್ನು ಗಂಡ ಎಂದು ಒಪ್ಪಿದಂತೆ. ಆಕೆ ಆ ಹಣ ಬೇಡ ಎಂದಳು. 1909ರಿಂದ ಉಟ್ಟಿದ್ದ ಬಿಳಿ ಸೀರೆಯಲ್ಲೇ ಇದ್ದಳು.