ಕರಿಗಡುಬಿನ ಉಪಮೆ

ಅಲಂಕಾರದ ಚರ್ಚೆ ನಮ್ಮಲ್ಲಿ ಬಹು ಹಳೆಯದು. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ತನ್ನ ಮೂರನೆಯ ಪರಿಚ್ಛೇದವನ್ನು ಅರ್ಥಾಲಂಕಾರಗಳಿಗೆಂದೇ ಮೀಸಲಿಟ್ಟಿತು. ಅನಂತರದ ಚಂಪೂಕವಿಗಳು ಪುರವನ್ನೂ ಸಮುದ್ರವನ್ನೂ ವರ್ಣಿಸುತ್ತ ಉಪಮೆಯ ಮೇಲೆ ಉಪಮೆಯನ್ನು ಪೇರಿಸಿದರು. ಆ ಉಪಮೆಗಳು ಕವಿಯವು. ಅವನ ಪಾಂಡಿತ್ಯಕ್ಕೆ ಸಾಕ್ಷಿಯಾದವು. ಹೊಸಗನ್ನಡದಲ್ಲಿ ಸಣ್ಣಕಥೆ ಹುಟ್ಟಿದಾಗ ಈ ಒಡವೆ ಯಾರ ಕೈಸೇರಿತು? ಉತ್ತರಕ್ಕಾಗಿ ನಾನು ಒಂದೇ ಕಥೆಯನ್ನು ಎತ್ತಿಕೊಳ್ಳುತ್ತೇನೆ: 1910ರ ಸುಮಾರಿಗೆ ಮಾಸ್ತಿಯವರು ಬರೆದ ‘ರಂಗನ ಮದುವೆ’.

ಇದೂ ಪುರವರ್ಣನೆಯಿಂದಲೇ ಆರಂಭವಾಗುತ್ತದೆ; ಆದರೆ ಪುರ ಹೊಸಹಳ್ಳಿ. ಕರಿಗಡುಬಿಗೆ ಹೂರಣವಿದ್ದಂತೆ ಮೈಸೂರು ಸೀಮೆಗೆ ಆ ಹಳ್ಳಿ ಎನ್ನುವವನು ಕವಿಯಲ್ಲ, ಆ ಊರಿನವನೇ ಆದ ಶ್ಯಾಮ. ಸಾಹೇಬರ ಭೂಪಟದಲ್ಲಿ ತನ್ನೂರಿಲ್ಲವೆಂಬ ಅಳಲಿಗೆ ಅಡುಗೆಮನೆಯ ಈ ಉಪಮೆಯೇ ಅವನ ಮರುಮಾತು. ಊರಿನ ಮಾವಿನಕಾಯಿಯ ಹುಳಿಯನ್ನು ಅವನು ಬ್ರಹ್ಮರಂಧ್ರಕ್ಕೇ ಏರಿಸುತ್ತಾನೆ. ಉತ್ಪ್ರೇಕ್ಷೆ, ನಿಜ. ಆದರೆ ಬಾಯ್ತುಂಬ ಮಾತು, ಊರಿನ ಮೋಹ, ಪರರ ಸಂಸಾರದಲ್ಲಿ ಕೈಯಾಡಿಸುವ ಚಪಲ ಇವೆಲ್ಲ ನಮಗೆ ತಿಳಿಯುವುದು ಅದರಿಂದಲೇ. ಅಲಂಕಾರವು ಇಲ್ಲಿ ಪಾತ್ರದ ಸ್ವಭಾವವೇ ಆಗಿದೆ.

ಬೆಂಗಳೂರಿನಲ್ಲಿ ಇಂಗ್ಲಿಷು ಕಲಿತು ಬಂದ ರಂಗ, ಬುದ್ಧಿ ಬಲಿತ ಹೆಣ್ಣನ್ನೇ ವರಿಸಬೇಕೆಂದು ವಾದಿಸುತ್ತಾನೆ. ಅವನ ಸಾಕ್ಷಿ ಕಾಳಿದಾಸ: ಶಕುಂತಲೆ ಎಳೆಯ ಹುಡುಗಿಯಾಗಿದ್ದರೆ ನಾಟಕದ ಗತಿಯೇನು? ವಾದವೇನೋ ಗಟ್ಟಿಯಾದುದೇ. ಶ್ಯಾಮ ಎದುರುವಾದ ಹೂಡುವುದಿಲ್ಲ. ರತ್ನ ಹಾಡುವ ಹೊತ್ತಿಗೆ ರಂಗನನ್ನು ಮನೆಗೆ ಕರೆಸುತ್ತಾನೆ. ಅವಳಿಗೆ ಆಗಲೇ ಮದುವೆಯಾಗಿದೆಯೆಂದು ಸುಳ್ಳಾಡುತ್ತಾನೆ. ಶಾಸ್ತ್ರಿಗಳಿಗೆ ಮುಂಚೆಯೇ ಪಾಠ ಒಪ್ಪಿಸಿ ಜ್ಯೋತಿಷ ಹೇಳಿಸುತ್ತಾನೆ. ನಮಗೆ ಗೊತ್ತಿರುವುದು ರಂಗನಿಗೆ ಗೊತ್ತಿಲ್ಲ. ಆ ವ್ಯಂಗ್ಯದಲ್ಲಿ ನಾವೂ ಶ್ಯಾಮನ ಪಾಲುದಾರರು.

ರತ್ನ ತಬ್ಬಲಿ, ವಯಸ್ಸು ಹನ್ನೊಂದು. ಮೈಸೂರು ಸಂಸ್ಥಾನದ 1894ರ ಶಿಶುವಿವಾಹ ನಿಷೇಧ ಶಾಸನ ತಡೆದದ್ದು ಎಂಟು ತುಂಬದ ಹುಡುಗಿಯರ ಮದುವೆಯನ್ನು. ಹುಡುಗಿಗೆ ಹದಿನಾಲ್ಕಾಗಿರಬೇಕೆಂದ ಬ್ರಿಟಿಷ್ ಇಂಡಿಯಾದ ಶಾರದಾ ಕಾಯಿದೆ ಬಂದದ್ದು 1929ರಲ್ಲಿ. ಹಾಗಾಗಿ ಶ್ಯಾಮ ಯಾವ ಕಾನೂನನ್ನೂ ಮುರಿಯಲಿಲ್ಲ.

ವಿದ್ಯಾರ್ಥಿದೆಸೆಯಲ್ಲಿ ಇದನ್ನೋದಿ ನಾನು ಮನಸಾರೆ ನಕ್ಕಿದ್ದೆ. ಈಚೆಗೆ ಮತ್ತೆ ಓದಿದಾಗ ನಗು ಅರ್ಧಕ್ಕೇ ನಿಂತಿತು. ಮಾಸ್ತಿಯವರು ಬಾಲ್ಯವಿವಾಹವನ್ನು ಮೆಚ್ಚಿ ಬರೆದರೆಂದು ಕೆಲವರಿಗೆ ತೋರಬಹುದು. ನನಗೆ ಹಾಗೆ ತೋರುವುದಿಲ್ಲ. ಉಪಮೆಗಳನ್ನೆಲ್ಲ ಶ್ಯಾಮನ ಬಾಯಿಗೆ ಒಪ್ಪಿಸಿ ಅವರು ಹಿಂದೆ ಸರಿದು ನಿಂತಿದ್ದಾರೆ. ಆ ಸಿಹಿಯನ್ನು ಎಷ್ಟು ನಂಬಬೇಕೆಂಬುದು ನಮಗೆ ಬಿಟ್ಟ ವಿಷಯ. ರಂಗನ ಮನಸ್ಸು ಕರಗಿದ್ದನ್ನು ಶ್ಯಾಮ ಹೆಜ್ಜೆಹೆಜ್ಜೆಗೂ ವರ್ಣಿಸುತ್ತಾನೆ. ಮುಂದೆ ಹುಟ್ಟಿದ ಗಂಡುಮಗುವಿಗೆ ರಂಗ ತನ್ನ ಹೆಸರನ್ನೇ ಇಟ್ಟದ್ದನ್ನೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ. ರತ್ನಳಿಗೆ ಏನನ್ನಿಸಿತೆಂಬುದನ್ನು ಮಾತ್ರ ಅವನು ಹೇಳುವುದಿಲ್ಲ.